ಶಿಲ್ಪಿಯ ಅಂಕಿತವನ್ನು ಓದಿದ ಆಚಾರ್ಯರು: ಪ್ರೊ. ಷ. ಶೆಟ್ಟರ್

ದೇವಾಲಯವನ್ನು ಕಟ್ಟಿಸಿದವರ ಹೆಸರು ಶಿಲಾಶಾಸನದಲ್ಲಿ ನಿಲ್ಲುವುದು; ಕಟ್ಟಿದವರ ಹೆಸರು ಬಹುಮಟ್ಟಿಗೆ ಮರೆತುಹೋಗುವುದು. ಇದಕ್ಕೆ ನಾಗಮಂಗಲದ ಸುತ್ತಣ ಸೀಮೆಯೇ ಸಾಕ್ಷಿ. ಕಿಕ್ಕೇರಿಯ ಬ್ರಹ್ಮೇಶ್ವರನ ಗುಡಿಯನ್ನು 1171ರಲ್ಲಿ ಬಮ್ಮವೆ ನಾಯಕಿತಿಯೆಂಬ ಸ್ತ್ರೀಯು ಕಟ್ಟಿಸಿದಳೆಂದು ನಾವು ಬಲ್ಲೆವು. ಬಸರಾಳಿನ ಮಲ್ಲಿಕಾರ್ಜುನ ದೇವಾಲಯವನ್ನು 1234ರಲ್ಲಿ ಇಮ್ಮಡಿ ನರಸಿಂಹನ ದಂಡನಾಯಕನಾದ ಹರಿಹರನು ಕಟ್ಟಿಸಿದನೆಂಬುದೂ ವಿದಿತವಾಗಿದೆ. ಆದರೆ ಆ ಗೋಡೆಗಳ ಮೇಲೆ ಆನೆ ಕುದುರೆಗಳ ಸಾಲುಗಳನ್ನೂ ಪುರಾಣಕಥೆಗಳನ್ನೂ ಕಡೆದ ಕೈಗಳು ಯಾರವು? ಈ ಪ್ರಶ್ನೆಯನ್ನು ಕೇಳಬೇಕೆಂದೂ, ಕೇಳಿದರೆ ಕಲ್ಲು ಕೆಲವು ಕಡೆ ಉತ್ತರವನ್ನು ಕೊಡುವುದೆಂದೂ ತೋರಿಸಿಕೊಟ್ಟ ಮಹನೀಯರಲ್ಲಿ ಪ್ರೊಫೆಸರ್ ಷಡಕ್ಷರಿ ಶೆಟ್ಟರ್ ಅವರು ಅಗ್ರಗಣ್ಯರು. ಅವರು 2020ನೆಯ ಫೆಬ್ರವರಿ 28ರಂದು ಬೆಂಗಳೂರಿನಲ್ಲಿ, ತಮ್ಮ 84ನೆಯ ವಯಸ್ಸಿನಲ್ಲಿ ದಿವಂಗತರಾದರು.

ಶೆಟ್ಟರ್ ಅವರು 1935ನೆಯ ಡಿಸೆಂಬರ್ 11ರಂದು ಅಂದಿನ ಬಳ್ಳಾರಿ ಜಿಲ್ಲೆಯ ಹಂಪಸಾಗರದಲ್ಲಿ ಜನಿಸಿದರು. ಮೈಸೂರು, ಧಾರವಾಡ, ಕೇಂಬ್ರಿಜ್‌ಗಳಲ್ಲಿ ವ್ಯಾಸಂಗ ಮಾಡಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮೂರು ದಶಕಗಳಿಗೂ ಮೀರಿ ಅಧ್ಯಾಪನವನ್ನು ನಡೆಸಿದರು. ಅಲ್ಲಿನ ಭಾರತೀಯ ಕಲಾ ಇತಿಹಾಸ ಸಂಸ್ಥೆಗೆ ನಿರ್ದೇಶಕರಾಗಿದ್ದರು. ಮುಂದೆ ಭಾರತೀಯ ಇತಿಹಾಸ ಅನುಸಂಧಾನ ಪರಿಷತ್ತಿನ ಅಧ್ಯಕ್ಷ ಪದವಿಯನ್ನೂ ಅಲಂಕರಿಸಿದರು. ಪದವಿಗಳ ಗಣನೆ ಇಷ್ಟು ಸಾಕು. ಅವರ ವಿದ್ಯೆಯ ಮಾರ್ಗವೇ ಇಲ್ಲಿ ಮುಖ್ಯವಾಗಿ ಸ್ಮರಣೀಯವಾದುದು.

ಹೊಯ್ಸಳ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರನ್ನು ಕೆತ್ತುತ್ತಿದ್ದುದುಂಟು. ಕೆಲವರು ತಂದೆಯ ಹೆಸರು, ಹುಟ್ಟಿದ ಊರು, ಬಿರುದುಗಳನ್ನೂ ಸೇರಿಸಿರುವರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಹೀಗೆಯೇ ನಮಗೆ ಪರಿಚಿತರು. ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು ಇಂತಹ ಅಂಕಿತಗಳನ್ನು ಬಹು ಹಿಂದೆಯೇ ಗುರುತಿಸಿ ಪ್ರಕಟಿಸಿದ್ದರು. ಅವುಗಳನ್ನು ಆಧಾರವಾಗಿಟ್ಟುಕೊಂಡು ಶಿಲ್ಪಿಗಳನ್ನೇ ಚರಿತ್ರೆಯ ಪಾತ್ರಗಳನ್ನಾಗಿ ಕಂಡವರು ಶೆಟ್ಟರ್ ಅವರು. 1992ರಲ್ಲಿ ಎರಡು ಸಂಪುಟಗಳಾಗಿ ಹೊರಬಂದ ಅವರ ಹೊಯ್ಸಳ ದೇವಾಲಯಗಳ ಗ್ರಂಥವು ಈ ಪರಿಶ್ರಮದ ಫಲ.

ರೂವಾರಿ ಮಲ್ಲಿತಮ್ಮನ ವಿಷಯವನ್ನು ನಿದರ್ಶನವಾಗಿ ಹೇಳಬಹುದು. 1196ರ ಅಮೃತಾಪುರದ ದೇವಾಲಯದಿಂದ ಮೊದಲುಗೊಂಡು 13ನೆಯ ಶತಮಾನದ ಉತ್ತರಾರ್ಧದ ಸೋಮನಾಥಪುರದವರೆಗೆ ಈ ಹೆಸರು ಕಾಣಬರುವುದು. ಒಮ್ಮೆ ಪೂರ್ಣವಾಗಿ, ಒಮ್ಮೆ ಮಲ್ಲಿ ಎಂದು, ಮತ್ತೊಮ್ಮೆ ಬರಿಯ ಒಂದು ಅಕ್ಷರವಾಗಿ ಅದು ಕೆತ್ತಲ್ಪಟ್ಟಿದೆ. ಈ ಹೆಸರಿಗೆ ನಮ್ಮ ನೆರೆಯಲ್ಲಿಯೂ ನೆಲೆಯುಂಟು. ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಐದು ಗರ್ಭಗೃಹಗಳು ಒಂದೇ ಸಾಲಿನಲ್ಲಿ ನಿಂತಿರುವ ಪಂಚಲಿಂಗೇಶ್ವರ ದೇವಾಲಯದಲ್ಲಿ ಮಲ್ಲಿತಮ್ಮನು ಕೆಲಸ ಮಾಡಿದ್ದನು. ದೂರದ ಸೋಮನಾಥಪುರವನ್ನು ನೋಡಿ ಬೆರಗಾಗುವ ಯಾತ್ರಿಕರಲ್ಲಿ ಎಷ್ಟು ಮಂದಿ ಈ ಹಳ್ಳಿಯ ಕಡೆಗೆ ತಿರುಗುವರು?

2003ರಲ್ಲಿ ಮೈಸೂರಿನಲ್ಲಿ ನೆರೆದ ಭಾರತೀಯ ಇತಿಹಾಸ ಕಾಂಗ್ರೆಸ್ಸಿನ ಅಧ್ಯಕ್ಷಭಾಷಣಕ್ಕೆ ಅವರು ಆರಿಸಿಕೊಂಡ ವಿಷಯವು ಕುಶಲಕರ್ಮಿಗಳ ಹೆಜ್ಜೆಗುರುತುಗಳೆಂಬುದು. ಚಕ್ರವರ್ತಿ ಅಶೋಕನ ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಬರೆದಿರುವನು. ತನ್ನ ವೃತ್ತಿಯನ್ನು ಹೇಳುವ ಪದಕ್ಕೆ ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯನ್ನು ಬಳಸಿರುವನು. ಇಂತಹ ಬರಹಗಾರರ ಪರಂಪರೆಯನ್ನು ಶೆಟ್ಟರ್ ಅವರು 2014ರಲ್ಲಿ ಪ್ರಕಟವಾದ ‘ಹಳಗನ್ನಡ: ಲಿಪಿ, ಲಿಪಿಕಾರ, ಲಿಪಿ ವ್ಯವಸಾಯ’ದಲ್ಲಿ ವಿಸ್ತಾರವಾಗಿ ಶೋಧಿಸಿದರು. ಬಹುಕಾಲ ಇಂಗ್ಲಿಷಿನಲ್ಲಿಯೇ ಹೆಚ್ಚಾಗಿ ಬರೆಯುತ್ತಿದ್ದವರು ಎಪ್ಪತ್ತು ದಾಟಿದ ಮೇಲೆ ಕನ್ನಡಕ್ಕೆ ಇಂತಹ ಹೆಬ್ಬೊತ್ತಗೆಗಳನ್ನು ಕೊಟ್ಟರು. 2007ರ ‘ಶಂಗಂ ತಮಿಳಗಂ ಮತ್ತು ಕನ್ನಡ ನಾಡು-ನುಡಿ’ಯು ವಿದ್ವಾಂಸರ ಮೇಜಿನ ಮೇಲಷ್ಟೇ ಉಳಿಯದೆ ಸಾಮಾನ್ಯ ವಾಚಕರ ಮನೆಗಳನ್ನೂ ಸೇರಿತು. ನಾಡಿನ ಜನಕ್ಕೆ ಅವರು ಪ್ರಿಯರಾದುದಕ್ಕೆ ಇದೂ ಒಂದು ಕಾರಣ.

ಸಾವಿನ ಸ್ಮಾರಕಗಳನ್ನೂ ಅವರು ಇದೇ ಆದರದಿಂದ ಓದಿದರು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟ ಮುನಿಗಳ, ಅಜ್ಜಿಯರ, ಗೃಹಸ್ಥರ ಶಾಸನಗಳನ್ನು ಕುರಿತ ಅವರ ಗ್ರಂಥವು 1986ರಲ್ಲಿ ಪ್ರಕಟವಾಯಿತು. ಆ ಬೆಟ್ಟಕ್ಕೆ ಅನತಿದೂರದಲ್ಲಿ, ನಾಗಮಂಗಲ ತಾಲ್ಲೂಕಿನೊಳಗೇ, ಗಂಗರ ಕಾಲದ ಪಂಚಕೂಟ ಬಸದಿಯೂ ಊರಿಗೆ ಹೆಸರು ಕೊಟ್ಟ ಕಂಬವೂ ಇರುವ ಕಂಬದಹಳ್ಳಿಯಿದೆ. ಬೆಳಗೊಳವನ್ನು ಅವರ ಗ್ರಂಥದೊಡನೆ ನೋಡಿದವರಿಗೆ ಕಂಬದಹಳ್ಳಿಯೂ ಮೂಕವಾಗಿರದು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅದನ್ನು ನೋಡಲು ಶೆಟ್ಟರ್ ಅವರು ಇರಲಿಲ್ಲ. ಬಸರಾಳು, ಹೊಸಹೊಳಲು, ಗೋವಿಂದನಹಳ್ಳಿಗಳು ಆ ಪಟ್ಟಿಯ ಹೊರಗಿರುವುವು. ಪಟ್ಟಿಯಲ್ಲಿರಲಿ ಇಲ್ಲದಿರಲಿ, ಹಳೆಯ ಗುಡಿಯ ವಿಗ್ರಹದ ಪೀಠದ ಮೇಲೆ ಜೀರ್ಣೋದ್ಧಾರದ ಹೆಸರಿನಲ್ಲಿ ಸುಣ್ಣಬಣ್ಣಗಳನ್ನು ಬಳಿದರೆ ಅಂಗುಲದಷ್ಟು ಎತ್ತರದ ಅಕ್ಷರಗಳು ಮುಚ್ಚಿಹೋಗುವುವು. ಏಳೆಂಟು ನೂರು ವರ್ಷ ಮಳೆ ಬಿಸಿಲುಗಳನ್ನು ಸಹಿಸಿದ ಹೆಸರು, ಭಕ್ತರ ಸದುದ್ದೇಶದಿಂದಲೇ ಒಂದು ದಿನದಲ್ಲಿ ಅಳಿಯಬಹುದು. ಊರಿನ ಹಿರಿಯರೂ ಅರ್ಚಕರೂ ಅಧ್ಯಾಪಕರೂ ಕೆಲಸ ಪ್ರಾರಂಭವಾಗುವ ಮುನ್ನ ಪೀಠಗಳನ್ನು ನೋಡಿ, ಅಕ್ಷರಗಳಿದ್ದರೆ ಬರೆದುಕೊಂಡು, ಇಲಾಖೆಗೆ ತಿಳಿಸುವುದು ಅಸಾಧ್ಯವಾದ ಕಾರ್ಯವೇನಲ್ಲ. ನಾಗಮಂಗಲವು ಲೋಹದ ಕೆಲಸಕ್ಕೆ ಬಹುಕಾಲದಿಂದ ಹೆಸರಾದ ಊರು. ಅಲ್ಲಿ ಎರಕ ಹೊಯ್ದ ಮನೆತನಗಳ ಹೆಸರುಗಳನ್ನೂ ಈಗಲೇ ಬರೆದಿಡುವುದು ಯುಕ್ತ. ಕೀರ್ತಿಶೇಷರಾದ ಆಚಾರ್ಯರಿಗೆ ಈ ಸೀಮೆಯವರು ಸಲ್ಲಿಸಬಹುದಾದ ಗುರುದಕ್ಷಿಣೆ ಇದೇ.