ಹಾಲಕ್ಕಿ ಸುಗ್ಗಿ ಕುಣಿತ

ಹಾಲಕ್ಕಿ ಸುಗ್ಗಿ ಕುಣಿತವು ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ನೆಲೆಸಿರುವ ಹಾಲಕ್ಕಿ ಒಕ್ಕಲಿಗ ಸಮುದಾಯದವರು ಫಾಲ್ಗುಣ ಮಾಸದಲ್ಲಿ ನಡೆಸುವ ವೇಷಸಹಿತವಾದ ಸಾಮೂಹಿಕ ನೃತ್ಯಾಚರಣೆ. ಇದನ್ನು ಆಡುಮಾತಿನಲ್ಲಿ ‘ಸುಗ್ಗಿ’ ಎಂದಷ್ಟೇ ಕರೆಯುವುದುಂಟು. ತಲೆಗೆ ತುರಾಯಿ ಕಟ್ಟಿ, ಕೈಯಲ್ಲಿ ನವಿಲುಗರಿಯ ಕುಂಚ ಹಿಡಿದ ಕುಣಿತಗಾರರು ಗುಮಟೆಯ ಬಡಿತಕ್ಕೆ ಹೆಜ್ಜೆ ಹಾಕುತ್ತ ಮನೆಯಿಂದ ಮನೆಗೆ, ಊರಿಂದ ಊರಿಗೆ ಸಾಗುತ್ತಾರೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ಆಚರಣೆ ಮುಕ್ತಾಯಗೊಳ್ಳುತ್ತದೆ. ಸುಗ್ಗಿಯು ಮನರಂಜನೆಯ ಕಲೆಯಾಗಿ ಪ್ರಸಿದ್ಧವಾಗಿದ್ದರೂ ಮೂಲತಃ ಊರದೇವರಿಗೆ ಸಲ್ಲಿಸುವ ಹರಕೆಯಾಗಿದೆ ಮತ್ತು ಮನೆಮನೆಗಳ ನಡುವಿನ ಸಂಬಂಧವನ್ನು ವರ್ಷಕ್ಕೊಮ್ಮೆ ನವೀಕರಿಸುವ ಕಟ್ಟಳೆಯಾಗಿದೆ.

ಹೆಸರು ಮತ್ತು ಕಾಲ

ಕನ್ನಡದಲ್ಲಿ ‘ಸುಗ್ಗಿ’ ಎಂಬ ಪದಕ್ಕೆ ಬೆಳೆ ಕೊಯ್ಲಿನ ಕಾಲ ಮತ್ತು ವಸಂತ ಕಾಲ ಎಂಬ ಎರಡು ಅರ್ಥಗಳೂ ಬಳಕೆಯಲ್ಲಿವೆ. ಮಳೆಗಾಲದ ಭತ್ತದ ಬೆಳೆ ಕೊಯ್ಲಾಗಿ, ಒಕ್ಕಣೆ ಮುಗಿದು, ಕಾಳು ಮನೆ ಸೇರಿದ ನಂತರ ರೈತರಿಗೆ ದೊರೆಯುವ ಬಿಡುವಿನಲ್ಲಿ ಈ ಆಚರಣೆ ಬರುತ್ತದೆ. ಸಾಮಾನ್ಯವಾಗಿ ಫಾಲ್ಗುಣ ಶುದ್ಧ ಏಕಾದಶಿಯ ಆಸುಪಾಸಿನಲ್ಲಿ ಆರಂಭವಾಗಿ ಹುಣ್ಣಿಮೆಯವರೆಗೆ ನಡೆಯುತ್ತದೆ. ಆರಂಭದ ದಿನ, ಸಾಗುವ ದಾರಿ ಹಾಗೂ ಪೂಜೆಯ ವಿವರಗಳಲ್ಲಿ ಊರಿಂದ ಊರಿಗೆ ವ್ಯತ್ಯಾಸವಿದೆ.

ಪ್ರದೇಶ ಮತ್ತು ಸಮುದಾಯ

ಹಾಲಕ್ಕಿ ಒಕ್ಕಲಿಗರು ಮುಖ್ಯವಾಗಿ ಕಾರವಾರ, ಅಂಕೋಲಾ, ಕುಮಟಾ ಮತ್ತು ಹೊನ್ನಾವರ ತಾಲ್ಲೂಕುಗಳಲ್ಲಿ ವಾಸಿಸುತ್ತಾರೆ. ಕಾಳಿ, ಗಂಗಾವಳಿ, ಅಘನಾಶಿನಿ ಮತ್ತು ಶರಾವತಿ ನದಿಗಳು ಪಶ್ಚಿಮ ಘಟ್ಟದಿಂದ ಇಳಿದು ಸಮುದ್ರ ಸೇರುವ ಸೀಮೆಯಿದು. ಘಟ್ಟದ ಬುಡದ ಗದ್ದೆಬಯಲುಗಳಿಂದ ಹಿಡಿದು ಕಡಲತೀರದವರೆಗೆ ಅವರ ವಸತಿಗಳು ಹರಡಿವೆ. ಕುಮಟಾ–ಶಿರಸಿ ರಸ್ತೆಯಲ್ಲಿ ದೇವಿಮನೆ ಘಟ್ಟದ ಕೆಳಗೆ, ಚಂಡಿಕಾ ಹೊಳೆಯ ಬದಿಯಲ್ಲಿರುವ ಕತಗಾಲವು ಈ ಪ್ರದೇಶದ ಒಳನಾಡಿನ ಅಂಚಿನ ಊರುಗಳಲ್ಲಿ ಒಂದು.

ಹಾಲಕ್ಕಿಗಳ ವಸತಿಯನ್ನು ‘ಕೊಪ್ಪ’ ಎನ್ನುತ್ತಾರೆ. ಸಮುದಾಯದ ಪುರುಷರ ಹೆಸರಿನೊಂದಿಗೆ ‘ಗೌಡ’ ಎಂಬುದು ಸೇರಿರುತ್ತದೆ. ‘ಹಾಲಕ್ಕಿ’ ಎಂಬ ಹೆಸರನ್ನು ಹಾಲು ಮತ್ತು ಅಕ್ಕಿ ಎಂಬ ಪದಗಳಿಗೆ ಜೋಡಿಸುವ ವಿವರಣೆಯೂ, ಹಾಲಕ್ಕಿ ಎಂಬ ಹಕ್ಕಿಗೆ ಜೋಡಿಸುವ ವಿವರಣೆಯೂ ಪ್ರಚಲಿತವಾಗಿವೆ. ಊರಿನ ಆಡಳಿತದಲ್ಲಿ ಊರಗೌಡ, ಬುದವಂತ ಮತ್ತು ಕೋಲಕಾರ ಎಂಬ ಸ್ಥಾನಗಳಿವೆ. ನ್ಯಾಯ ತೀರ್ಮಾನ, ಮದುವೆ, ಹಬ್ಬಗಳ ಹೊಣೆ ಇವರದು. ಸುಗ್ಗಿಯೂ ಈ ವ್ಯವಸ್ಥೆಯ ಅಡಿಯಲ್ಲಿಯೇ ನಡೆಯುವುದರಿಂದ, ತಂಡ ಹೊರಡುವುದು ಯಾರೋ ಕೆಲವರ ಉತ್ಸಾಹವನ್ನು ಅವಲಂಬಿಸಿದ ಸಂಗತಿಯಲ್ಲ; ಅದು ಇಡೀ ಊರಿನ ನಿರ್ಣಯ.

ಗಾಮವೊಕ್ಕಲು, ಕೋಮಾರಪಂಥ ಮೊದಲಾದ ಇತರ ಸಮುದಾಯಗಳಲ್ಲಿಯೂ ಸುಗ್ಗಿ ಕುಣಿತದ ಸಂಪ್ರದಾಯವಿದೆ.

ವೇಷಭೂಷಣ

ಕುಣಿತದ ಪ್ರಧಾನ ಆಕರ್ಷಣೆ ತುರಾಯಿ. ಹಗುರವಾದ ಬೆಂಡಿನ ಹೂಗಳು, ಬಣ್ಣದ ಕಾಗದ, ಬೇಗಡೆ ಮತ್ತು ಸಣ್ಣ ಹಕ್ಕಿಗಳ ಆಕೃತಿಗಳನ್ನು ಬಳಸಿ ಇದನ್ನು ಕಟ್ಟುತ್ತಾರೆ. ತಲೆಗೆ ಬಿಗಿಯಾಗಿ ಸುತ್ತಿದ ರುಮಾಲಿನ ಮೇಲೆ ಗೊಂಚಲಿನಂತೆ ಏರುವ ತುರಾಯಿಯು ದೂರದಿಂದ ನೋಡುವವರಿಗೆ ಹೂಬಿಟ್ಟ ಗಿಡದಂತೆ ತೋರುತ್ತದೆ. ಇದನ್ನು ಸಿದ್ಧಪಡಿಸುವ ಕೆಲಸ ಸುಗ್ಗಿಗೆ ಹಲವು ದಿನ ಮೊದಲೇ ಆರಂಭವಾಗುತ್ತದೆ.

ಕುಣಿತಗಾರರು ಉದ್ದನೆಯ ನಿಲುವಂಗಿ ತೊಟ್ಟು ಸೊಂಟಕ್ಕೆ ಬಣ್ಣದ ವಸ್ತ್ರ ಕಟ್ಟುತ್ತಾರೆ. ಒಂದು ಕೈಯಲ್ಲಿ ನವಿಲುಗರಿಯ ಕುಂಚ, ಇನ್ನೊಂದು ಕೈಯಲ್ಲಿ ಕೋಲು ಇರುತ್ತದೆ. ಕುಂಚವನ್ನು ಬೀಸುವ ಬಗೆಯೂ ಕುಣಿತದ ಭಾಗವೇ. ಎಲ್ಲರ ಕುಂಚಗಳು ಒಂದೇ ಬಾರಿಗೆ ಏಳಬೇಕು, ಒಂದೇ ಬಾರಿಗೆ ಇಳಿಯಬೇಕು.

ಸುಗ್ಗಿಯ ವೇಷಕ್ಕೆ ಧಾರ್ಮಿಕ ಮಹತ್ವವಿದೆ. ತುರಾಯಿ ಧರಿಸಿದವರು ಆ ದಿನಗಳಲ್ಲಿ ವ್ರತನಿಯಮಗಳನ್ನು ಪಾಲಿಸುತ್ತಾರೆ. ಸುಗ್ಗಿ ಮುಗಿದ ಮೇಲೆ ವಿಧಿವತ್ತಾಗಿ ವೇಷ ಕಳಚಿ, ಸ್ನಾನ ಮಾಡಿ ಮನೆಗೆ ಮರಳುವುದು ರೂಢಿ.

ವಾದ್ಯಗಳು

ಸುಗ್ಗಿಯ ಮುಖ್ಯ ವಾದ್ಯ ಗುಮಟೆ. ಇದು ಎರಡು ಬಾಯಿಗಳುಳ್ಳ ಮಣ್ಣಿನ ಗಡಿಗೆ. ದೊಡ್ಡ ಬಾಯಿಗೆ ಚರ್ಮವನ್ನು ಬಿಗಿಯಲಾಗುತ್ತದೆ. ಚಿಕ್ಕ ಬಾಯಿ ತೆರೆದಿರುತ್ತದೆ. ವಾದಕನು ಒಂದು ಕೈಯಿಂದ ಚರ್ಮವನ್ನು ಬಡಿಯುತ್ತ, ಮತ್ತೊಂದು ಅಂಗೈಯಿಂದ ಚಿಕ್ಕ ಬಾಯಿಯನ್ನು ಮುಚ್ಚಿ ತೆರೆಯುತ್ತ ನಾದದ ಏರಿಳಿತವನ್ನು ನಿಯಂತ್ರಿಸುತ್ತಾನೆ. ಜೊತೆಗೆ ಜಾಗಟೆ ಮತ್ತು ತಾಳಗಳನ್ನು ಬಳಸುತ್ತಾರೆ. ಗುಮಟೆಯೊಂದಿಗೆ ಹಾಡುವ ಪ್ರಕಾರಕ್ಕೆ ‘ಗುಮಟೆ ಪಾಂಗು’ ಎಂಬ ಹೆಸರಿದೆ.

ಆಚರಣೆಯ ಕ್ರಮ

ಮೊದಲ ದಿನ ಊರಿನ ಹಿರಿಯರ ಸಮ್ಮುಖದಲ್ಲಿ ದೇವರಿಗೆ ಪೂಜೆ ಸಲ್ಲಿಸಿ ವೇಷ ಕಟ್ಟುತ್ತಾರೆ. ಮೊದಲ ಕುಣಿತ ದೇವರ ಎದುರು ನಡೆಯುತ್ತದೆ. ಅನಂತರ ತಂಡವು ತನಗೆ ಸಲ್ಲುವ ಮನೆಗಳಿಗೂ ನೆರೆಯ ಊರುಗಳಿಗೂ ತೆರಳುತ್ತದೆ. ಅಂಗಳದಲ್ಲಿ ವೃತ್ತಾಕಾರವಾಗಿ ನಿಂತು, ಹಾಡು ಮತ್ತು ವಾದ್ಯದ ಗತಿಗೆ ತಕ್ಕಂತೆ ಮೊದಲು ನಿಧಾನವಾಗಿ, ಬಳಿಕ ವೇಗವಾಗಿ ಕುಣಿಯುತ್ತಾರೆ. ಮನೆಯವರು ಆರತಿ ಬೆಳಗಿ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಮತ್ತು ಕಾಣಿಕೆ ನೀಡುತ್ತಾರೆ. ತಂಡದವರು ಮನೆ, ಮಕ್ಕಳು, ದನಕರು ಹಾಗೂ ಬೆಳೆಗೆ ಒಳಿತನ್ನು ಹಾರೈಸುತ್ತಾರೆ. ದೂರದ ಊರುಗಳಿಗೆ ಹೋದಾಗ ಅಲ್ಲಿಯವರೇ ಊಟ, ವಸತಿಯ ವ್ಯವಸ್ಥೆ ಮಾಡುತ್ತಾರೆ.

ಅಂಕೋಲಾ ತಾಲ್ಲೂಕಿನ ಬೆಳಂಬಾರದ ಸುಗ್ಗಿ ತಂಡ ವಿಶೇಷವಾಗಿ ಪ್ರಸಿದ್ಧವಾಗಿದೆ. ಈ ತಂಡವು ಅಂಕೋಲಾ ಪಟ್ಟಣಕ್ಕೆ ಬಂದು ತಹಶೀಲ್ದಾರರ ಕಚೇರಿಯ ಎದುರು ಕುಣಿಯುವ ವಾಡಿಕೆಯಿದೆ.

ಹಗರಣ

ಸುಗ್ಗಿಯೊಂದಿಗೆ ಬೆಸೆದುಕೊಂಡಿರುವ ಮತ್ತೊಂದು ಆಚರಣೆ ಹಗರಣ. ಇಂದಿನ ಪತ್ರಿಕಾ ಭಾಷೆಯಲ್ಲಿ ಈ ಪದಕ್ಕೆ ಅವ್ಯವಹಾರ ಎಂಬ ಅರ್ಥವಿದ್ದರೂ ಈ ಕರಾವಳಿಯಲ್ಲಿ ಹಗರಣವೆಂದರೆ ಅಣಕು ವೇಷಗಳ ಮೆರವಣಿಗೆ. ಪ್ರಾಣಿಗಳು, ವಿವಿಧ ವೃತ್ತಿಯವರು ಹಾಗೂ ಅಧಿಕಾರದಲ್ಲಿರುವವರ ವೇಷ ಧರಿಸಿ ಬೀದಿಯಲ್ಲಿ ಸಾಗುತ್ತಾರೆ. ಆ ವರ್ಷದ ಬೆಲೆಯೇರಿಕೆ, ರಾಜಕೀಯ, ಊರಿನ ಕುಂದುಕೊರತೆಗಳೆಲ್ಲ ವಸ್ತುವಾಗುತ್ತವೆ. ಉಳಿದ ದಿನಗಳಲ್ಲಿ ನೇರವಾಗಿ ಆಡಲಾಗದ ಮಾತಿಗೆ ಹಗರಣವು ಅವಕಾಶ ಕಲ್ಪಿಸುತ್ತದೆ. ಸುಗ್ಗಿ ಕುಣಿತದ ಶಿಸ್ತಿಗೂ ಹಗರಣದ ಸ್ವಚ್ಛಂದತೆಗೂ ಒಂದೇ ಹಬ್ಬದಲ್ಲಿ ಸ್ಥಾನವಿರುವುದು ಗಮನಾರ್ಹ.

ಸಾಮಾಜಿಕ ಹಿನ್ನೆಲೆ

ಹಾಲಕ್ಕಿ ಕುಟುಂಬಗಳಲ್ಲಿ ಬಹುಪಾಲು ಹಿಂದೆ ಭೂಮಾಲೀಕರ ಜಮೀನನ್ನು ಗೇಣಿಗೆ ಮಾಡುತ್ತಿದ್ದವು. ಆಗ ಒಡೆಯರ ಮನೆಯಂಗಳದಲ್ಲಿ ಸುಗ್ಗಿ ಕುಣಿದು ಕಾಣಿಕೆ ಪಡೆಯುವುದರಲ್ಲಿ ಗೌರವದ ಜೊತೆಗೆ ಅಧೀನತೆಯ ಛಾಯೆಯೂ ಇತ್ತು. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿ ಕೊನೆಗೊಂಡಿತು. ಅನೇಕ ಗೇಣಿದಾರರು ತಾವು ಉಳುತ್ತಿದ್ದ ಭೂಮಿಯ ಒಡೆಯರಾದರು. ಕೊಡುವವರ ಮತ್ತು ಪಡೆಯುವವರ ಸಂಬಂಧ ಬದಲಾದರೂ ಮನೆಯಂಗಳದ ಕುಣಿತ ಮುಂದುವರಿಯಿತು.

ಬದಲಾವಣೆಗಳು ಮತ್ತು ಸವಾಲುಗಳು

ಗುಮಟೆಗೆ ಸಾಂಪ್ರದಾಯಿಕವಾಗಿ ಉಡದ ಚರ್ಮವನ್ನು ಬಳಸಲಾಗುತ್ತಿತ್ತು. ಉಡವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿಯಾಗಿದ್ದು ಅದರ ಬೇಟೆ ಮತ್ತು ಚರ್ಮದ ಬಳಕೆ ಅಪರಾಧವಾಗಿದೆ. ಆದ್ದರಿಂದ ಆಡಿನ ಚರ್ಮ ಮೊದಲಾದ ಪರ್ಯಾಯಗಳು ಬಳಕೆಗೆ ಬಂದಿವೆ. ನೆರೆಯ ಗೋವಾದಲ್ಲಿಯೂ ಇದೇ ಸಮಸ್ಯೆ ಎದುರಾಗಿತ್ತು. ಅಲ್ಲಿ ‘ಘುಮಟ್’ ಎನ್ನುವ ಈ ವಾದ್ಯವು ಆಡಿನ ಚರ್ಮದೊಂದಿಗೆ ಮತ್ತೆ ಪ್ರಚಾರಕ್ಕೆ ಬಂದು, 2019ರಲ್ಲಿ ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿತವಾಯಿತು.

ಸುಗ್ಗಿಯು ಮನೆಗಳ ಸರಣಿಯನ್ನು ಅವಲಂಬಿಸಿರುವುದರಿಂದ ವಸತಿಯ ಬದಲಾವಣೆಯು ಅದರ ಮೇಲೆ ನೇರ ಪರಿಣಾಮ ಬೀರುತ್ತದೆ. ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕರಾವಳಿ ಹಳ್ಳಿಗಳ ಜನರು ಸ್ಥಳಾಂತರಗೊಂಡರು. ಕೊಪ್ಪವೊಂದು ಚದುರಿದಾಗ ಮನೆಗಳ ಜೊತೆಗೆ ತಂಡ ಸಾಗುವ ದಾರಿ ಮತ್ತು ಅದಕ್ಕೆ ಅಂಟಿದ ಕಟ್ಟಳೆಗಳೂ ಚದುರುತ್ತವೆ. ಉದ್ಯೋಗಕ್ಕಾಗಿ ಊರು ಬಿಟ್ಟ ಯುವಕರಿಗೆ ಫಾಲ್ಗುಣದಲ್ಲಿ ಹಲವು ದಿನ ರಜೆ ದೊರೆಯುವುದೂ ಕಷ್ಟ.

ಇನ್ನೊಂದೆಡೆ ಸರ್ಕಾರಿ ಉತ್ಸವಗಳಲ್ಲಿ ಮತ್ತು ಮೆರವಣಿಗೆಗಳಲ್ಲಿ ಸುಗ್ಗಿ ತಂಡಗಳಿಗೆ ಅವಕಾಶ ದೊರೆಯುತ್ತಿದೆ. ಇದರಿಂದ ಕಲಾವಿದರಿಗೆ ಸಂಭಾವನೆಯೂ ಮನ್ನಣೆಯೂ ಲಭಿಸುತ್ತವೆ. ಆದರೆ ವೇದಿಕೆಯಲ್ಲಿ ಕುಣಿತವನ್ನು ಕೆಲವೇ ನಿಮಿಷಗಳಿಗೆ ಇಳಿಸಬೇಕಾಗುತ್ತದೆ. ಅಲ್ಲಿ ವ್ರತವಿಲ್ಲ, ಆರತಿಯಿಲ್ಲ, ಹಾರೈಕೆ ಪಡೆಯುವ ಮನೆಯೂ ಇಲ್ಲ. ಹೆಜ್ಜೆ ಮತ್ತು ತುರಾಯಿ ಉಳಿದರೂ ಆಚರಣೆಗೆ ಅರ್ಥ ನೀಡುವ ಕೊಡುಕೊಳ್ಳುವಿಕೆ ಅಲ್ಲಿ ಇರುವುದಿಲ್ಲ.

ದಾಖಲಾತಿ ಮತ್ತು ಮನ್ನಣೆ

ಉತ್ತರ ಕನ್ನಡದ ಜನಪದ ಸಾಹಿತ್ಯವನ್ನು ಸಂಗ್ರಹಿಸಿದವರಲ್ಲಿ ಎಲ್. ಆರ್. ಹೆಗಡೆ, ಎನ್. ಆರ್. ನಾಯಕ ಮತ್ತು ಶಾಂತಿ ನಾಯಕ ಪ್ರಮುಖರು. ಹಾಲಕ್ಕಿಗಳ ಹಾಡು, ಕಥೆ ಮತ್ತು ಆಚರಣೆಗಳು ಬಹುಮಟ್ಟಿಗೆ ಬಾಯಿಂದ ಬಾಯಿಗೆ ಸಾಗಿ ಬಂದವು.

ಸುಗ್ಗಿ ಕುಣಿತವು ಸಾಂಪ್ರದಾಯಿಕವಾಗಿ ಪುರುಷರದಾದರೆ, ಸಮುದಾಯದ ಹಾಡಿನ ಸಂಪತ್ತನ್ನು ಕಾಪಾಡಿದವರಲ್ಲಿ ಮಹಿಳೆಯರ ಪಾಲು ದೊಡ್ಡದು. ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರು ನೂರಾರು ಹಾಲಕ್ಕಿ ಹಾಡುಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅವರು 2025ರ ಫೆಬ್ರವರಿ 13ರಂದು ನಿಧನರಾದರು.

ಇತರ ಆಚರಣೆಗಳೊಂದಿಗೆ ಹೋಲಿಕೆ

ಗೋವಾ ಮತ್ತು ಕೊಂಕಣದಲ್ಲಿ ಇದೇ ಫಾಲ್ಗುಣ ಮಾಸದಲ್ಲಿ ನಡೆಯುವ ಶಿಗ್ಮೊ ಹಬ್ಬವು ಸುಗ್ಗಿಗೆ ಬಹಳ ಹತ್ತಿರವಾದುದು. ಗ್ರಾಮದೇವತೆಯ ಎದುರು ಆರಂಭ, ಮನೆಯಂಗಳದ ಕುಣಿತ, ತಲೆಯ ಅಲಂಕಾರ ಮತ್ತು ಮಣ್ಣಿನ ಗಡಿಗೆಯ ವಾದ್ಯ ಎರಡರಲ್ಲಿಯೂ ಇವೆ. ಪಣಜಿ ಮೊದಲಾದ ನಗರಗಳಲ್ಲಿ ಶಿಗ್ಮೊ ದೊಡ್ಡ ಪ್ರವಾಸಿ ಮೆರವಣಿಗೆಯಾಗಿಯೂ ಬೆಳೆದಿದೆ. ಹಾಲಕ್ಕಿ ಸುಗ್ಗಿಯು ಇಂದಿಗೂ ಪ್ರಧಾನವಾಗಿ ಕೊಪ್ಪ, ಗದ್ದೆಬಯಲು ಮತ್ತು ಮನೆಯಂಗಳಗಳ ಆಚರಣೆಯಾಗಿಯೇ ಉಳಿದಿದೆ.