ವ್ಯಾಘ್ರಜಾತಕವೂ ಕಾಡಿನ ಕಾವಲೂ

ಪಾಳಿಯ ಜಾತಕಕಥಾಸಂಗ್ರಹದಲ್ಲಿ 272ನೆಯದು ವ್ಯಾಘ್ರಜಾತಕ. ಜಾತಕಗಳಲ್ಲಿ ಹಲವು ಈಗ ಮಕ್ಕಳ ಪುಸ್ತಕಗಳಿಗೆ ಸಂದುಹೋಗಿವೆ; ಇದೂ ಮಗುವಿಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದಷ್ಟು ಚಿಕ್ಕದು. ಇದರಲ್ಲಿ ಸಿಂಹವಿದೆ, ಹುಲಿಯಿದೆ, ಘೋರರೂಪವನ್ನು ತಾಳುವ ದೇವತೆಯಿದೆ. ಬಾಲಕರಿಗೆ ಅಷ್ಟು ಸಾಕು. ಹಿರಿಯರು ಇದನ್ನು ಮತ್ತೊಮ್ಮೆ ಓದಿದರೆ ಬೇರೊಂದು ಸಂಗತಿ ಗೋಚರಿಸುವುದು.

ಬ್ರಹ್ಮದತ್ತನು ಕಾಶಿಯಲ್ಲಿ ರಾಜ್ಯವಾಳುತ್ತಿದ್ದಾಗ ಬೋಧಿಸತ್ತ್ವನು ಒಂದು ಅರಣ್ಯದಲ್ಲಿ ವೃಕ್ಷದೇವತೆಯಾಗಿ ಹುಟ್ಟಿದ್ದನಂತೆ. ಸಮೀಪದ ಇನ್ನೊಂದು ಮಹಾವೃಕ್ಷದಲ್ಲಿ ಮತ್ತೊಂದು ದೇವತೆ ನೆಲಸಿದ್ದಿತು. ಆ ಕಾಡಿನಲ್ಲಿ ಒಂದು ಸಿಂಹವೂ ಒಂದು ಹುಲಿಯೂ ಇದ್ದುದರಿಂದ, ಅವುಗಳಿಗಂಜಿ ಅಲ್ಲಿ ಯಾರೂ ಮರವನ್ನು ಕಡಿಯುತ್ತಿರಲಿಲ್ಲ, ನೆಲವನ್ನು ಉಳುತ್ತಿರಲಿಲ್ಲ. ಆದರೆ ಆ ಮೃಗಗಳು ತಿಂದುಳಿಸಿದ ಮಾಂಸವು ಬಿದ್ದಲ್ಲಿಯೇ ಕೊಳೆತು ಕಾಡೆಲ್ಲ ದುರ್ಗಂಧಮಯವಾಗಿತ್ತು. ನೆರೆಯ ದೇವತೆಗೆ ಇದು ದುಸ್ಸಹವಾಯಿತು. ಎರಡನ್ನೂ ಓಡಿಸಿಬಿಡುವೆನೆಂದು ಅದು ಬೋಧಿಸತ್ತ್ವನೊಡನೆ ಹೇಳಿತು. ನಮ್ಮ ಮನೆಗಳನ್ನು ಕಾಯುತ್ತಿರುವುವು ಅವೇ, ಅವು ಹೋದರೆ ಮನುಷ್ಯರು ಬಂದು ಎಲ್ಲವನ್ನೂ ಬಯಲುಮಾಡುವರು ಎಂದು ಅವನು ತಿಳಿಯಹೇಳಿದನು. ಕೇಳುವವರಾರು? ದೇವತೆ ಭಯಂಕರರೂಪವನ್ನು ತೋರಿಸಿ ಮೃಗಗಳನ್ನು ಓಡಿಸಿತು. ಹೆಜ್ಜೆಗುರುತುಗಳು ಕಾಣದಾದಾಗ ಜನರು ನಿಜವನ್ನು ಊಹಿಸಿ, ಕಾಡಿನ ಒಂದು ಪಾರ್ಶ್ವವನ್ನು ಕಡಿದರು. ಆಗ ದೇವತೆ ಗಾಬರಿಗೊಂಡು ಅವು ಸೇರಿದ್ದ ಬೇರೆ ಕಾಡಿಗೆ ಹೋಗಿ, ಕೈಮುಗಿದು ಮರಳಿ ಬರಬೇಕೆಂದು ಬೇಡಿಕೊಂಡಿತು. ಅವು ಬರಲೊಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಉಳಿದ ಕಾಡೂ ಹೊಲವಾಯಿತು.

ಈ ಕಥೆಯನ್ನು ಬುದ್ಧನು ಜೇತವನದಲ್ಲಿ ಭಿಕ್ಷುಗಳಿಗೆ ಹೇಳಿದನೆಂದು ಪ್ರಸ್ತಾವನೆಯಲ್ಲಿದೆ. ಕೋಕಾಲಿಕನೆಂಬ ಭಿಕ್ಷುವಿಗೆ ಸಾರಿಪುತ್ತ, ಮೊಗ್ಗಲ್ಲಾನರೊಡನೆಯೂ ಇರಲಾಗದು, ಅವರನ್ನು ಬಿಟ್ಟೂ ಇರಲಾಗದು. ಅವನ ಅವಸ್ಥೆಯನ್ನು ವಿವರಿಸುವುದಕ್ಕಾಗಿ ಕಾಡಿನ ದೃಷ್ಟಾಂತವು ಬಂದಿದೆ. ಮಹಾಭಾರತದ ಉದ್ಯೋಗಪರ್ವದಲ್ಲಿಯೂ ವಿದುರನು ಧೃತರಾಷ್ಟ್ರನಿಗೆ ಬುದ್ಧಿಹೇಳುತ್ತ, ಅವನ ಮಕ್ಕಳು ವನ, ಪಾಂಡವರು ಹುಲಿಗಳು, ಒಂದಿಲ್ಲದೆ ಮತ್ತೊಂದು ಉಳಿಯದು ಎಂಬರ್ಥದ ಮಾತನ್ನಾಡುವನು. ಎರಡೆಡೆಯಲ್ಲಿಯೂ ಪ್ರಕೃತವಾದುದು ಅರಣ್ಯರಕ್ಷಣೆಯಲ್ಲ. ಒಂದೆಡೆ ಸಂಘದ ವೈಮನಸ್ಯ, ಇನ್ನೊಂದೆಡೆ ದಾಯಾದಿಗಳ ಕಲಹ. ಹುಲಿಯೂ ಕಾಡೂ ಬರಿಯ ಉಪಮಾನಗಳು. ಚರಿತ್ರೆಯ ದೃಷ್ಟಿಯಿಂದ ಇದೇ ಬಹು ಮುಖ್ಯವಾದುದು. ತಿಳಿಯದುದನ್ನು ತಿಳಿಸುವುದಕ್ಕೆ ಯಾರೂ ತಿಳಿಯದ ಇನ್ನೊಂದನ್ನು ಉಪಮಾನವಾಗಿ ತರುವುದಿಲ್ಲವಷ್ಟೆ. ಹುಲಿ ಹೋದ ಕಾಡಿಗೆ ಕೊಡಲಿ ಬರುವುದೆಂಬುದು ಅಂದಿನ ಶ್ರೋತೃಗಳಿಗೆ ಬೋಧೆಯಾಗಿರಲಿಲ್ಲ. ಅವರು ಕಂಡುಂಡ ಲೋಕಾನುಭವವಾಗಿತ್ತು.

ಕನ್ನಡದ ಮನೆಗಳ ಮಕ್ಕಳು ಬಲ್ಲ ಹುಲಿ ಬೇರೆ. ಪುಣ್ಯಕೋಟಿಯ ಸತ್ಯಕ್ಕೆ ನಾಚಿ ಪ್ರಾಣ ಬಿಟ್ಟ ಆ ಹುಲಿಯನ್ನು ನೆನೆದು ಕಣ್ಣೊರಸಿಕೊಳ್ಳದ ಮಗುವಿಲ್ಲ. ಆ ಹುಲಿ ಸತ್ತ ಬಳಿಕ ಆ ಬೆಟ್ಟದ ಕಾಡಿಗೆ ಏನಾಯಿತೆಂದು ಕೇಳಿದ ಹಿರಿಯರು ಮಾತ್ರ ವಿರಳ.

ಲೋಕಾನುಭವವು ಮರೆತುಹೋಗುವುದಕ್ಕೆ ಬಹುಕಾಲ ಬೇಕಾಗಲಿಲ್ಲ. ಬ್ರಿಟಿಷರ ಆಡಳಿತದಲ್ಲಿ ಹುಲಿಯನ್ನು ಉಪದ್ರವಕಾರಿ ಮೃಗವೆಂದೆಣಿಸಿ, ಕೊಂದವರಿಗೆ ಬಹುಮಾನ ಕೊಡುವ ಪದ್ಧತಿ ಬೆಳೆಯಿತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿಗಳು ಹತವಾದುವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಅವರು ಅಂದಾಜು ಮಾಡಿದ್ದಾರೆ. ಆ ಕೋಲಾಹಲದ ನಡುವೆ ಬೋಧಿಸತ್ತ್ವನ ಮಾತನ್ನು ತಿಳಿಯದೆಯೇ ಪುನಃ ಆಡಿದವನು ಮೈಸೂರಿನಲ್ಲಿ ಆನೆ ಹಿಡಿಯುವ ಖೆಡ್ಡಾ ಕಾರ್ಯದ ಅಧಿಕಾರಿಯಾಗಿದ್ದ ಸ್ಯಾಂಡರ್ಸನ್. ಅವನೂ ಬೇಟೆಗಾರನೇ, ಹುಲಿಗಳನ್ನು ಹೊಡೆದವನೇ. ಆದರೂ 1878ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಹುಲಿಯ ಪರವಾಗಿ ವಾದಿಸಿದನು. ಬೆಳೆಯನ್ನು ಹಾಳುಮಾಡುವ ಜಿಂಕೆ ಹಂದಿಗಳನ್ನು ತಿನ್ನುವ ಹುಲಿ ರೈತನಿಗೆ ಮಿತ್ರನೆಂದೂ, ಅದನ್ನು ನಿರ್ಮೂಲಮಾಡಬೇಕೆಂಬ ಕೂಗು ಅವಿವೇಕವೆಂದೂ ಅವನ ಅಭಿಪ್ರಾಯ. ಕೋವಿಯನ್ನು ಹೆಗಲಿಗೇರಿಸಿದವನ ಬಾಯಲ್ಲಿ ಇಂತಹ ಮಾತು ಬಂದುದು ಸೋಜಿಗ. ಕಾಡಿನಲ್ಲಿ ಅಷ್ಟು ಕಾಲ ಕಳೆದುದರ ಫಲವಿರಬಹುದು.

ಇನ್ನೊಂದು ವಿಚಿತ್ರವೂ ಉಂಟು. ಬಂಡೀಪುರದ ಕಾಡು ಮೈಸೂರು ಅರಸರ ಬೇಟೆಯ ನೆಲವಾಗಿತ್ತು. ಹುಲಿಯ ಭಯ ಕಡಮೆಯಾದ ಕಾಲದಲ್ಲಿ ಅರಸನ ಭಯವು ಅಲ್ಲಿ ಕೊಡಲಿಯನ್ನು ತಡೆಯಿತೆನ್ನಬಹುದು. 1931ರಲ್ಲಿ ಅಲ್ಲಿಯ 90 ಚದರ ಕಿಲೋಮೀಟರು ಪ್ರದೇಶವನ್ನು ಮೃಗಗಳ ರಕ್ಷಣೆಗೆಂದು ಪ್ರತ್ಯೇಕಿಸಿದರು. 1941ರಲ್ಲಿ ಅದು 800 ಚದರ ಕಿಲೋಮೀಟರಿಗೂ ಮಿಕ್ಕ ವೇಣುಗೋಪಾಲ ವನ್ಯಮೃಗೋದ್ಯಾನವಾಗಿ ವಿಸ್ತರಿಸಿತು. 1972ರ ಗಣತಿಯಲ್ಲಿ ದೇಶದಲ್ಲೆಲ್ಲ 1,827 ಹುಲಿಗಳು ಮಾತ್ರ ಉಳಿದಿವೆಯೆಂದು ಕಂಡುಬಂದು, 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ, ಮೊದಲು ಆರಿಸಿಕೊಂಡ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾಯಿತು. ಹುಲಿಗಾಗಿ ಕಾದಿಟ್ಟ ಅಲ್ಲಿಯ ನೆಲದಲ್ಲಿ ಆನೆಗೂ ಕಾಡೆಮ್ಮೆಗೂ, ಹಳ್ಳಕೊಳ್ಳಗಳ ನೀರಿಗೂ ನೆಲೆ ದೊರೆತಿದೆ. 2022ರ ಗಣತಿಯ ಪ್ರಕಾರ ದೇಶದಲ್ಲಿ 3,682, ಕರ್ನಾಟಕದಲ್ಲಿ 563 ಹುಲಿಗಳು.

ಜಾತಕಕಾರನು ಹೇಳದೆ ಬಿಟ್ಟುದೂ ಒಂದಿದೆ. ಕಥೆಯನ್ನೆಲ್ಲ ಅವನು ಮರದ ಮೇಲಣ ದೇವತೆಗಳ ಕಡೆಯಿಂದಲೇ ನೋಡಿದ್ದಾನೆ. ಮರ ಕಡಿದ ಮನುಷ್ಯರು ದುಷ್ಟರೆಂದು ಅವನೆಲ್ಲಿಯೂ ಬೈದಿಲ್ಲ. ಅವರು ಉತ್ತು ಬಿತ್ತಿ ಉಣ್ಣಬೇಕಾದವರು. ಹುಲಿಯ ಕಾವಲಿಗೆ ಕೂಲಿಯನ್ನು ತೆರುವವರು ಇಂದಿಗೂ ಅಂಥವರೇ. ಹಟ್ಟಿಯ ಹಸುವನ್ನು ಕಳೆದುಕೊಂಡವನು ಕಾಡಂಚಿನ ರೈತ. ರಕ್ಷಿತಾರಣ್ಯಕ್ಕೋಸ್ಕರ ಹಾಡಿಯನ್ನು ಬಿಟ್ಟುಬಂದವರು ನಾಗರಹೊಳೆಯ ಜೇನುಕುರುಬರು. ಕೊಳೆತ ಮಾಂಸದ ವಾಸನೆಯನ್ನು ಸಹಿಸಬೇಕೆಂದು ದೂರದ ಪಟ್ಟಣದಲ್ಲಿ ಕುಳಿತು ಉಪದೇಶಿಸುವುದು ಸುಲಭ. ಬೋಧಿಸತ್ತ್ವನಾದರೋ ಆ ವಾಸನೆಯಲ್ಲಿಯೇ ಇದ್ದು ಆ ಮಾತನ್ನಾಡಿದನು. ಅವನ ಮಾತಿಗೆ ತೂಕ ಬಂದುದು ಅದರಿಂದಲೇ.

ಓಡಿಸಿದ ಹುಲಿಯನ್ನು ಮರಳಿ ಕರೆಯಹೋದ ದೇವತೆಯ ಪಾಡು ಕಥೆಯಲ್ಲಿ ಮಾತ್ರ ನಡೆದುದಲ್ಲ. ರಾಜಸ್ಥಾನದ ಸರಿಸ್ಕಾ ಅರಣ್ಯದಲ್ಲಿ ಕಳ್ಳಬೇಟೆಯಿಂದ ಹುಲಿಗಳೆಲ್ಲ ನಾಶವಾದುವೆಂಬ ಸಂಗತಿ 2005ರಲ್ಲಿ ನಿಶ್ಚಯವಾಯಿತು. ಕಾಡು ಮಾತ್ರ ಇನ್ನೂ ನಿಂತಿದ್ದಿತು. 2008ರಲ್ಲಿ ರಣಥಂಬೋರಿನಿಂದ ಹುಲಿಯೊಂದನ್ನು ಮೂರ್ಛೆಗೊಳಿಸಿ, ವಾಯುಸೇನೆಯ ಹೆಲಿಕಾಪ್ಟರಿನಲ್ಲಿ ಅಲ್ಲಿಗೆ ತಂದರು. ಕೈಮುಗಿದು ಕರೆದರೆ ಬಾರದುದನ್ನು ಹೀಗೆ ಹೊತ್ತು ತರಬೇಕಾಯಿತು. ಮೊದಲು ಬಂದ ಆ ಗಂಡುಹುಲಿ 2010ರಲ್ಲಿ ವಿಷಪ್ರಯೋಗದಿಂದ ಸತ್ತಿತು. ಅದರ ಹಿಂದೆ ತಂದ ಹೆಣ್ಣುಹುಲಿಗಳಲ್ಲೊಂದು 2012ರಲ್ಲಿ ಎರಡು ಮರಿಗಳೊಡನೆ ಕಾಣಿಸಿಕೊಂಡಿತು.