ಎತ್ತುವ ದನಿ, ಹಿಡಿಯುವ ದನಿ: ಶೆಟ್ಟಿಕೆರೆ ಸೀಮೆಯ ಮೇಳಗಳು

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ಹೋಬಳಿಯನ್ನೂ ಅದರ ನೆರೆಯ ತಿಪಟೂರು, ತುರುವೇಕೆರೆ ತಾಲ್ಲೂಕುಗಳನ್ನೂ ಹೊರಗಿನವರು ತೆಂಗಿನಿಂದ, ಉಂಡೆ ಕೊಬ್ಬರಿಯಿಂದ ಗುರುತಿಸುತ್ತಾರಾದರೂ, ಈ ಸೀಮೆಯ ಜನ ಒಬ್ಬರಿಗೊಬ್ಬರು ಹತ್ತಿರವಾದ ಬಗೆಯನ್ನು ಅರಿಯಬೇಕಾದರೆ ತೋಟದಷ್ಟೇ ಗಮನವನ್ನು ಭಜನೆಮನೆಗೂ ನಾಟಕದ ತಾಲೀಮಿಗೂ ಕೊಡಬೇಕಾಗುತ್ತದೆ. ಕೂಡಿ ಹಾಡುವವರ ಗುಂಪಿಗೆ ಕನ್ನಡದಲ್ಲಿ ‘ಮೇಳ’ ಎಂಬ ಹೆಸರಿದ್ದು, ಅದೇ ಶಬ್ದಕ್ಕೆ ಸೇರುವಿಕೆ, ಹೊಂದಿಕೆ ಎಂಬ ಅರ್ಥಗಳೂ ಇವೆ. ಹಾಡನ್ನು ಎತ್ತಿಕೊಡುವವರು ಮುಮ್ಮೇಳ, ಅದನ್ನು ಹಿಡಿದು ಮುಂದುವರಿಸುವವರು ಹಿಮ್ಮೇಳ. ಎತ್ತಿದ ಸೊಲ್ಲನ್ನು ಹಿಡಿಯುವವರಿಲ್ಲದಿದ್ದರೆ ಹಾಡು ಅಲ್ಲಿಗೇ ನಿಲ್ಲುವಂಥ ಈ ಕಟ್ಟು ಸೀಮೆಯ ಬಹುಪಾಲು ಹಾಡಿಕೆಯಲ್ಲಿ ಇದೆ; ಮೇಳದವರ ನಡುವಿನ ನಂಟಿಗೆ ಕಾರಣವನ್ನು ಅವರ ಒಳ್ಳೆಯತನದಲ್ಲಿ ಹುಡುಕುವುದಕ್ಕಿಂತ ಈ ಕಟ್ಟಿನಲ್ಲಿ ಹುಡುಕುವುದೇ ಸರಿ.

ಇದರ ಅತ್ಯಂತ ಚಿಕ್ಕ ರೂಪ ರಾಗಿಕಲ್ಲಿನ ಮುಂದೆ ಕಾಣುತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ಎದ್ದ ಅತ್ತೆ ಸೊಸೆಯರೋ ವಾರಗಿತ್ತಿಯರೋ ಎದುರುಬದುರು ಕುಳಿತು, ಒಂದೇ ಗೂಟವನ್ನು ಇಬ್ಬರೂ ಹಿಡಿದು ಕಲ್ಲನ್ನು ತಿರುಗಿಸುತ್ತ, ಒಬ್ಬಳು ತ್ರಿಪದಿಯ ಒಂದು ಸಾಲನ್ನು ಎತ್ತಿದರೆ ಇನ್ನೊಬ್ಬಳು ಅದನ್ನು ಹಿಡಿದು ಹಾಡುತ್ತಿದ್ದರು. ಉಸಿರು, ತೋಳಿನ ಬೀಸು, ಹಾಡಿನ ನಡೆ ಮೂರೂ ಒಂದಾಗದೆ ಹಿಟ್ಟು ಇಳಿಯುತ್ತಿರಲಿಲ್ಲ. ಹಗಲಲ್ಲಿ ಬಾಯಿಬಿಟ್ಟು ಹೇಳಲಾಗದ ತವರಿನ ಹಂಬಲ, ಗಂಡನ ಮನೆಯ ಕಷ್ಟ ಇವೆಲ್ಲ ಆ ಕತ್ತಲಲ್ಲಿ ಹಾಡಾಗಿ ಹೊರಬರುತ್ತಿದ್ದವು. ಮುನಿಸಿಕೊಂಡವರೂ ಒಂದೇ ಕಲ್ಲಿಗೆ ಕೂರಲೇಬೇಕಿತ್ತೆಂಬುದನ್ನು ಮರೆಯಬಾರದು. ಹಿಟ್ಟಿನ ಗಿರಣಿಗಳು ಹಳ್ಳಿಗೆ ಬಂದ ಮೇಲೆ ಹೆಂಗಸರ ರಟ್ಟೆಗೆ ಬಿಡುವು ದೊರೆಯಿತು, ಬೀಸುವ ಪದಕ್ಕೆ ಕೆಲಸ ತಪ್ಪಿತು. ಮದುವೆಯ ಸೋಬಾನೆಯಲ್ಲಿ ಮಾತ್ರ ಎತ್ತುವ ಮತ್ತು ಹಿಡಿಯುವ ಕ್ರಮ ಉಳಿದುಕೊಂಡಿತು.

ಗಂಡಸರ ಹಾಡಿಕೆಗೆ ನೆಲೆಯಾದದ್ದು ಭಜನೆ. ಗೋಡೆಕೆರೆಯ ಸಿದ್ಧರಾಮೇಶ್ವರ, ಎಡೆಯೂರಿನ ಸಿದ್ಧಲಿಂಗೇಶ್ವರ ಮೊದಲಾದ ಶರಣ ಕ್ಷೇತ್ರಗಳ ಪ್ರಭಾವವುಳ್ಳ ಈ ಸೀಮೆಯಲ್ಲಿ, ದೇಹ ಮತ್ತು ಆತ್ಮಗಳ ವಿಚಾರವನ್ನು ಆಡುಮಾತಿಗೆ ಹತ್ತಿರದ ಪದಗಳಲ್ಲಿ ಹೇಳುವ ‘ತತ್ವಪದ’ಗಳು ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಬಳಕೆಯಲ್ಲಿದ್ದವು. ನಿಜಗುಣ ಶಿವಯೋಗಿಯ ‘ಕೈವಲ್ಯ ಪದ್ಧತಿ’, 19ನೆಯ ಶತಮಾನದ ಸರ್ಪಭೂಷಣ ಶಿವಯೋಗಿಯ ‘ಕೈವಲ್ಯ ಕಲ್ಪವಲ್ಲರಿ’ಗಳ ಹಾಡುಗಳು ಅಕ್ಷರ ಬಲ್ಲವನೊಬ್ಬನ ಓದಿನಿಂದ ಬಾರದವರ ಬಾಯಿಗೂ ದಾಟಿದವು. ಪುಸ್ತಕ ಒಬ್ಬನದಾದರೂ ಪದ ಎಲ್ಲರದಾಗಿತ್ತು.

ಆಟದ ವಿಷಯಕ್ಕೆ ಬಂದರೆ, ಇದು ಮೂಡಲಪಾಯದ ನಾಡು. ಕರಾವಳಿಯ ಪಡುವಲಪಾಯ ಯಕ್ಷಗಾನದಿಂದ ಬೇರೆಯಾದ, ಬಯಲುಸೀಮೆಯ ಯಕ್ಷಗಾನಕ್ಕೆ ಮೂಡಲಪಾಯವೆಂದು ಹೆಸರು; ‘ಪಾಯ’ವೆಂದರೆ ಇಲ್ಲಿ ಶೈಲಿ, ಸಂಪ್ರದಾಯ. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರು ಇದರ ಅಧ್ಯಯನಕ್ಕೂ ಉಳಿವಿಗೂ ಬಹಳವಾಗಿ ದುಡಿದವರು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿ, ಅರಳಗುಪ್ಪೆಗಳು ಈ ಆಟಕ್ಕೆ ಹೆಸರಾದ ಊರುಗಳು. ಭಾಗವತನು ಪದವನ್ನು ಎತ್ತುತ್ತಿದ್ದಂತೆ ಹಿಂದೆ ನಿಂತವರು ಏರುದನಿಯಲ್ಲಿ ಅದನ್ನು ಕಸಿದುಕೊಂಡಂತೆ ಹಿಡಿಯುವುದು, ಓಲಗದ ಮರಿಯಂತಿರುವ ಮುಖವೀಣೆಯೆಂಬ ಊದುವಾದ್ಯವು ಆ ದನಿಗಳ ಮೇಲೆ ಸುಳಿಯುವುದು, ಮದ್ದಳೆಯ ಪೆಟ್ಟಿಗೆ ವೇಷಧಾರಿಯ ಗೆಜ್ಜೆ ಉತ್ತರ ಕೊಡುವುದು ಇದರ ಸ್ವರೂಪ. ಸುಗ್ಗಿ ಮುಗಿದ ತಿಂಗಳುಗಳಲ್ಲಿ ಇಡೀ ರಾತ್ರಿ ನಡೆಯುವ ‘ಕರಿಭಂಟನ ಕಾಳಗ’ದಂಥ ಪ್ರಸಂಗದಲ್ಲಿ ಭಾಗವತನೊಬ್ಬನ ಗಂಟಲು ಬೆಳಗಿನವರೆಗೆ ಬಾಳುವುದು ಸಾಧ್ಯವಿಲ್ಲ, ಅವನಿಗೆ ಉಸಿರು ಕೊಡುವವರು ಹಿಮ್ಮೇಳದವರೇ.

1884ರಲ್ಲಿ ನೆರೆಯ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ, ಮುಂದೆ ಗುಬ್ಬಿ ವೀರಣ್ಣನವರ ಹೆಸರಿನೊಂದಿಗೆ ಬೆಸೆದುಕೊಂಡು, ಹಳ್ಳಿಗರ ಕಿವಿಗೆ ಬೇರೊಂದು ಬಗೆಯ ಸಂಗೀತವನ್ನು ತಂದಿತು. ಅದೇ ಕಾಲಕ್ಕೆ ಗುಬ್ಬಿ, ತಿಪಟೂರುಗಳ ಮೂಲಕ ಹರಿಹರದತ್ತ ಸಾಗಿದ ರೈಲುಮಾರ್ಗ ಕೊಬ್ಬರಿಗೆ ದೂರದ ಮಾರುಕಟ್ಟೆಯನ್ನೂ ಕಂಪನಿ ನಾಟಕಗಳಿಗೆ ಹೊಸ ಊರುಗಳನ್ನೂ ಒದಗಿಸಿತು. 1930ರ ದಶಕದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದ ಬೆರಗು ದೊಡ್ಡದು, ಆದರೆ ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಕಂಪನಿ ನಾಟಕವನ್ನು ನೋಡಿ ಬಂದ ರೈತರು ಅಂಥದ್ದನ್ನು ತಾವೇ ಆಡತೊಡಗಿದುದು. ಹಳ್ಳಿಯ ಪೌರಾಣಿಕ ನಾಟಕವೆಂಬ ಪರಂಪರೆ ತುಮಕೂರು ಸೀಮೆಯಲ್ಲಿ ಬೇರೂರಿದ್ದು ಹೀಗೆ. ಅದರ ಕೇಂದ್ರದಲ್ಲಿದ್ದ ವಾದ್ಯ ಹಾರ್ಮೋನಿಯಂ. ಯುರೋಪಿನಿಂದ ಬಂದ ಈ ಪೆಟ್ಟಿಗೆಯನ್ನು ಆಕಾಶವಾಣಿಯು 1940ರಲ್ಲಿ ನಿಷೇಧಿಸಿ ಮೂರು ದಶಕಗಳ ಕಾಲ ಹೊರಗಿಟ್ಟಿದ್ದರೂ, ಈ ಹಳ್ಳಿಗಳಲ್ಲಿ ಅದರ ಮರ್ಯಾದೆ ಒಂದಿಷ್ಟೂ ಕುಂದಲಿಲ್ಲ.

ತಾಲೀಮು ನಡೆಯುವ ರೀತಿಯನ್ನು ತುಸು ವಿವರವಾಗಿ ನೋಡಬೇಕು. ನಾಟಕ ಆಡುವುದೆಂದು ಊರು ತೀರ್ಮಾನಿಸಿದ ಮೇಲೆ ಪಾತ್ರಗಳ ಹಂಚಿಕೆಯಾಗುತ್ತದೆ. ಇಲ್ಲಿ ನಟನಿಗೆ ಸಂಬಳವಿಲ್ಲ, ಅವನೇ ಪಾತ್ರಕ್ಕೆ ಹಣ ಕಟ್ಟಬೇಕು, ಕೃಷ್ಣ, ದುರ್ಯೋಧನರಂಥ ಪಾತ್ರಗಳಿಗೆ ಹೆಚ್ಚು, ದೂತನಂಥವಕ್ಕೆ ಕಡಿಮೆ. ವರ್ಷವೊಪ್ಪತ್ತು ಅಟ್ಟದ ಮೇಲೆ ಒಣಗಿದ ಕಾಯಿ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಾದ ಮೇಲೆ ಎಷ್ಟೋ ಮಂದಿಯ ಪಾಲು ಸಂದಾಯವಾಗುತ್ತಿತ್ತು. ಊರಿಗೆ ಬಂದು ತಿಂಗಳುಗಟ್ಟಲೆ ನಿಲ್ಲುವ ಹಾರ್ಮೋನಿಯಂ ಮೇಷ್ಟ್ರಿಗೆ ಊಟ ಸರದಿಯ ಮೇಲೆ ಮನೆಮನೆಯಲ್ಲಿ. ರಾತ್ರಿ ಮುದ್ದೆಯುಂಡು ಗುಡಿಯ ಪಡಸಾಲೆಯಲ್ಲೋ ಭಜನೆಮನೆಯಲ್ಲೋ ಕೂಡಿದವರ ಗಂಟಲನ್ನು ಮೇಷ್ಟ್ರು ಒಂದೊಂದಾಗಿ ಅಳೆಯುತ್ತಾರೆ. ಒಬ್ಬನ ಶ್ರುತಿ ಬಿಳಿ ನಾಲ್ಕು, ಇನ್ನೊಬ್ಬನದು ಕರಿ ಎರಡು. ಪೆಟ್ಟಿಗೆಯ ಮನೆಗಳ ಬಣ್ಣದಿಂದ ಹುಟ್ಟಿದ ಈ ಲೆಕ್ಕ ಸಂಗೀತಶಾಸ್ತ್ರ ಕಲಿಯದ ಕೃಷಿಕನಿಗೂ ಬಾಯಿಪಾಠ. ಕಂದಪದ್ಯವನ್ನು ಎಳೆಯುವಲ್ಲಿ ತಪ್ಪಿದವನನ್ನು ಮೇಷ್ಟ್ರು ಬೈದಾಗ, ಹಗಲು ಅವನ ತೋಟದಲ್ಲಿ ಕಾಯಿ ಸುಲಿದವನೇ ಪಕ್ಕದಲ್ಲಿ ಕುಳಿತು ಸಣ್ಣ ದನಿಯಲ್ಲಿ ಸ್ವರ ತೋರಿಸಿಕೊಡುವ ಸಂದರ್ಭ ಬರುತ್ತಿತ್ತು. ಯಜಮಾನ ಮತ್ತು ಆಳು ಎಂಬ ಅಂತರ ಅಷ್ಟು ಹೊತ್ತಿನ ಮಟ್ಟಿಗೆ ತಲೆಕೆಳಗಾಗುತ್ತಿದ್ದ ತಾಣ ಊರಿನಲ್ಲಿ ಬೇರೊಂದಿರಲಿಲ್ಲ. ನಾಟಕದ ರಾತ್ರಿ ಕಳೆದು ಬಾಡಿಗೆಯ ಸೀನರಿ ಗಾಡಿಯೇರಿ ಹೋದ ಮೇಲೂ ಪಾತ್ರದ ಹೆಸರುಗಳು ಹಿಂದೆ ಉಳಿಯುತ್ತಿದ್ದವು. ಅರ್ಜುನನಾಗಿದ್ದವನು ಕೃಷ್ಣನಾಗಿದ್ದವನನ್ನು ಸಂತೆಯಲ್ಲಿ ಕಂಡರೂ ‘ಭಾವ’ ಎಂದೇ ಕರೆಯುವುದು ವಿನೋದವಾಗಿ ತೊಡಗಿ ಸಲಿಗೆಯಾಗಿ ನಿಲ್ಲುತ್ತಿತ್ತು.

ಆದರೂ ಕೂಡಿ ಹಾಡಿದವರೆಲ್ಲ ಕೂಡಿ ಉಂಡರೆಂದು ಬರೆದರೆ ಅದು ಚರಿತ್ರೆಯಾಗದು. ಜಾತ್ರೆಯಲ್ಲಿ ದೇವರ ಮುಂದೆ ತಮಟೆ, ಅರೆವಾದ್ಯ ಬಾರಿಸುತ್ತ ಮೈಲಿಗಟ್ಟಲೆ ನಡೆದ ದಲಿತ ಕಲಾವಿದರು ಗುಡಿಯ ಬಾಗಿಲಲ್ಲೇ ನಿಲ್ಲಬೇಕಾಗುತ್ತಿತ್ತು. ಒಳಗಿನ ಭಜನೆಯ ತಾಳ ಅವರ ಕೈಗೆ ಬರುತ್ತಿರಲಿಲ್ಲ. ಕಲ್ಲಿನ ಮುಂದೆ ನೂರಾರು ಪದ ಹಾಡಿದ ಹೆಂಗಸರಿಗೆ ರಂಗದ ಮೇಲೆ ಜಾಗವಿರದೆ ದ್ರೌಪದಿ, ರುಕ್ಮಿಣಿಯರ ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು, ಮುಂದೆ ಅದಕ್ಕೆಂದು ಪೇಟೆಯಿಂದ ವೃತ್ತಿನಿರತ ಕಲಾವಿದೆಯರನ್ನು ಕರೆಸುವ ರೂಢಿ ಬಂತು. ಮೇಳದ ನಂಟು ಗಟ್ಟಿಯಾಗಿತ್ತು, ಆದರೆ ಅದರ ಬೇಲಿಯೂ ಅಷ್ಟೇ ಗಟ್ಟಿಯಾಗಿತ್ತು.

ಈ ನಂಟು ಬೇಲಿಯೊಳಗೆ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ತಿಳಿಯುವುದು ಹಬ್ಬದ ದಿನಗಳಲ್ಲಲ್ಲ, ಸಾವಿನ ಮನೆಯಲ್ಲಿ. ಮೇಳದವನೊಬ್ಬ ತೀರಿಕೊಂಡಾಗ ಉಳಿದವರು ಹೇಳಿಕಳಿಸುವುದಕ್ಕೆ ಕಾಯದೆ ತಾಳ, ದಮ್ಮಡಿ, ಹಾರ್ಮೋನಿಯಂಗಳೊಂದಿಗೆ ಬಂದು, ಹೆಣವನ್ನು ಕೂರಿಸಿದ ಜಗುಲಿಯ ಮುಂದೆ ಚಾಪೆ ಹಾಸಿಕೊಂಡು ರಾತ್ರಿಯಿಡೀ ತತ್ವಪದ ಹಾಡುತ್ತಾರೆ. ಸತ್ತವನು ಎತ್ತಿಕೊಡುತ್ತಿದ್ದ ಪದವನ್ನು ಆ ರಾತ್ರಿ ಬೇರೊಬ್ಬ ಎತ್ತುತ್ತಾನೆ. ಹೀಗೆ ಹಾಡಲು ಬಂದವರು ದುಡ್ಡು ಮುಟ್ಟುವುದಿಲ್ಲ. ನೆರೆಮನೆಯವರು ನಡುರಾತ್ರಿಯಲ್ಲಿ ಒಮ್ಮೆ, ಬೆಳಗಿನ ಜಾವದಲ್ಲಿ ಒಮ್ಮೆ ಕಾಫಿ ಕಾಸಿ ಕೊಡುತ್ತಾರೆ.